ಚುಕ್ಕಿ ಹಾವಿನ ಆಟ

ಮಕ್ಕಳೇ, ನಡೆದು ಶಾಲೆಗೆ ಹೋಗುವುದನ್ನೇ ಆಟವಾಗಿಸಿದವರು ಬೆಲ್ಜಿಯಂ ದೇಶದವರು. ಆಟದ ಹೆಸರು 'ಟ್ರಾಫಿಕ್ ಸ್ನೇಕ್'. ಶಾಲೆಯಲ್ಲಿ ಉದ್ದನೆಯ ಹಾವಿನ ಚಿತ್ರ ತೂಗುಹಾಕುತ್ತಾರೆ. ನಡೆದೋ, ಸೈಕಲ್ ತುಳಿದೋ, ಬಸ್ಸಿನಲ್ಲೋ ಬಂದವರಿಗೆ ಒಂದೊಂದು ಚುಕ್ಕಿ. ಎಲ್ಲರ ಚುಕ್ಕಿಗಳೂ ಸೇರಿ ಹಾವಿನ ಮೈ ತುಂಬಿದರೆ ಎಲ್ಲರಿಗೂ ಬಹುಮಾನ. ನಮ್ಮ ಹಾವು–ಏಣಿಯ ಹಾವಿನಂತೆ ಇದು ಯಾರನ್ನೂ ನುಂಗುವುದಿಲ್ಲ!

1999ರಿಂದ ಕಾರು ತಯಾರಾಗುತ್ತಿರುವ ಬಿಡದಿಯ ಪಕ್ಕದಲ್ಲೇ ಇರುವ ಬೈರಮಂಗಲದಲ್ಲಿ ಇದನ್ನು ಆಡಬಾರದೇಕೆ? ಡ್ರಾಯಿಂಗ್ ಹಾಳೆ, ಅಮ್ಮನ ಸ್ಟಿಕ್ಕರ್ ಬಿಂದಿ ಸಾಕು.

ಇಂಥ ಊರುಗಳಲ್ಲಿ ಇದರ ಲಾಭವೇ ಬೇರೆ. ಕಾರು, ವ್ಯಾನಿನಿಂದ ಇಳಿಯುವವರ ಮುಂದೆ ಧೂಳುಗಾಲಿನಲ್ಲಿ ಬಂದ ಮಗು ಕುಗ್ಗುತ್ತದೆ. ಹಾವಿನ ಮುಂದೆ ಮಾತ್ರ ಮೊದಲ ಚುಕ್ಕಿ ಅದರದೇ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿದಾಗ ಹಳ್ಳಿ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ತುಳಿದು ಹೋದರಲ್ಲ, ಅದೇ ಠೀವಿ ಇದು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿರುವ ಅಕ್ಕನ ಸೈಕಲ್ಲಿಗೆ ಎಣ್ಣೆ ಬಿಟ್ಟು ನೋಡಿ.

ಪಾಲಕರೇ, ನಿಮ್ಮ ಭಯ ಸುಳ್ಳಲ್ಲ. ಲಾರಿ ಓಡುವ ರಸ್ತೆಗೆ ಚಿಕ್ಕವರನ್ನು ಒಂಟಿಯಾಗಿ ಬಿಡಬೇಡಿ. ಒಂದೇ ಕೇರಿಯ ಮಕ್ಕಳು ಗುಂಪಾಗಿ ಹೊರಡಲಿ, ದಿನಕ್ಕೊಬ್ಬ ಹಿರಿಯರು ಸರದಿಯಂತೆ ಜೊತೆಗಿರಲಿ. ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆದರೆ ಎದುರಿನ ವಾಹನ ಕಣ್ಣಿಗೆ ಬೀಳುತ್ತದೆ.

ದೂರದ ಹಳ್ಳಿಯವರು? ಶಾಲೆಗೆ ಅರ್ಧ ಕಿಲೋಮೀಟರ್ ಇರುವಾಗಲೇ, ಸುರಕ್ಷಿತ ಜಾಗದಲ್ಲಿ ಇಳಿದು ನಡೆದವರಿಗೆ ಅರ್ಧ ಚುಕ್ಕಿ ಕೊಡಬಹುದು. ಈ ತಿದ್ದುಪಡಿ ನನ್ನದು, ಬೆಲ್ಜಿಯಂನವರನ್ನು ಕೇಳಿಲ್ಲ.