ಆಟ ಮುಗದ ಮ್ಯಾಲೆ ಏನ್ ಮಾಡ್ತಾಳ?

ನಮ್ಮ ಕಡೆ ಹುಡುಗಿ ಆಟದಾಗ ಕಪ್ ತಂದ್ರ ಪೇಢೆ ಹಂಚತೇವಿ. ಅದ ಹುಡುಗಿ 'ನಾ ಕೋಚ್ ಆಗ್ತೇನಿ' ಅಂದ್ರ ಮಾರಿ ಸಣ್ಣದು ಮಾಡ್ತೇವಿ. ಇಲ್ಲೆ ನಂದೊಂದು ತಕರಾರು ಅದ ನೋಡ್ರಿ ವೈನಿ.

ಅಮೆರಿಕಾದ ಸ್ಟ್ಯಾನ್‌ಫರ್ಡ್ ಯುನಿವರ್ಸಿಟಿಯೊಳಗ ಲೇಲೇ ಫೊರೂದ್ ಅಂತ ಒಬ್ಬಾಕಿ. 1970ರ ದಶಕದಾಗ ಅಲ್ಲೇ ಕಲಿಕೋತ ಟೆನಿಸ್ ಆಡಿದಾಕಿ. ಮುಂದ ಅದ ಹೆಣ್ಣಮಕ್ಕಳ ಟೀಮಿಗೆ ಸಹಾಯಕ ಕೋಚ್ ಆಗಿ ಬಂದ್ಲು. ಒಂದಲ್ಲ ಎರಡಲ್ಲ, ವರ್ಷಗಟ್ಲೆ ಫ್ರ್ಯಾಂಕ್ ಬ್ರೆನನ್ ಅನ್ನೋ ಹಿರೇ ಕೋಚ್ ಕೈಕೆಳಗ ದುಡದ್ಲು. (ಅತ್ತಿ ಕೈಕೆಳಗ ಅಡಗಿಮನಿ ನಡಸಿದಾವ್ರಿಗೆ ಇದು ಬಿಡಿಸಿ ಹೇಳೂದು ಬ್ಯಾಡ.) 2000ದಾಗ ಮುಖ್ಯ ಕೋಚ್ ಆದ್ಲು, 2001ರಾಗ ಮೊದಲನೇ ಹಂಗಾಮಿನೊಳಗ ದೇಶದ ಚಾಂಪಿಯನ್! 2019ರ ತನಕ ಅಂಥಾವು 10 ಸಲ.

ನನಗ ಭಾಳ ಸೇರಿದ್ದು 2016ರದ್ದು. ಆವತ್ತು ಅವರ ಟೀಮಿಗೆ ಕೊಟ್ಟ ಶ್ರೇಯಾಂಕ 15. ಯಾರೂ ಲೆಕ್ಕಕ್ಕ ಹಿಡದಿರಲಿಲ್ಲ, ಆದ್ರೂ ಗೆದ್ರು. ಕಾಲೇಜ್ ಟೆನಿಸ್‌ನಾಗ ಡಬಲ್ಸಿಗೆ 1, ಸಿಂಗಲ್ಸಿಗೆ 6, ಒಟ್ಟು 7 ಪಾಯಿಂಟು. 4 ಬಂದ್ರ ಗೆದ್ದಂಗ. ಹಿಂಗಾಗಿ ಒಬ್ಬಾಕಿ ಸ್ಟಾರ್ ಇದ್ರ ಸಾಲಂಗಿಲ್ಲ, ಆರನೇ ನಂಬರಿನ ಹುಡುಗಿನೂ ತಯಾರಿರಬೇಕು. ಆಕಿನ್ನ ತಯಾರು ಮಾಡೂದು ಕೋಚ್ ಕೆಲಸ. ಇದನ್ನ 'ಆಟ ಬಿಟ್ಟು ಕೂತ್ಲು' ಅಂತ ಅಂತೀರೇನು?

ನಮ್ಮ ದೇಶದಾಗೂ ಪಟಿಯಾಲಾದ ಎನ್.ಐ.ಎಸ್.ನಾಗ ಕೋಚ್ ಆಗೂ ಡಿಪ್ಲೊಮಾ ಕಲಸ್ತಾರ. ಮುಂದಿನ ಸಲ ಮನಿ ಹುಡುಗಿ ಮಾತು ತಗದಾಗ 'ಮದವಿ ಯಾವಾಗ' ಅನ್ನೂಕಿಂತ ಮೊದಲ 'ಅರ್ಜಿ ಯಾವಾಗ ಹಾಕ್ತಿ, ಫೀ ಎಷ್ಟು' ಅಂತ ಕೇಳ್ರಿ.