ಪಕ್ಕದ ಮನೆಯ ಹೆಪ್ಪು

ಅರಸೀಕೆರೆಯಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಒಂಬತ್ತನೇ ತರಗತಿಯ ಮಗಳು ಬೇಲೂರಿನ ದರ್ಪಣ ಸುಂದರಿಯನ್ನು ಪೆನ್ಸಿಲಿನಲ್ಲಿ ಬಿಡಿಸಿದ್ದಳು. ‘ಮೊಬೈಲಿನಲ್ಲಿದ್ದ ಹಾಗೇ ಬಂದಿದೆ ನೋಡಿ’ ಎಂದು ತಾಯಿ ಹಿಗ್ಗಿದರು. ‘ಕಾಪಿ ಹೊಡೆದದ್ದು, ಸ್ವಂತದ್ದೇನಿದೆ?’ ಎಂದರು ತಂದೆ. ಹುಡುಗಿ ಹಾಳೆಯನ್ನು ಮಗುಚಿಟ್ಟಳು.

ನೋಡಿ ಬರೆಯುವುದು ತಪ್ಪೇ? ಉತ್ತರ ಬೇಲೂರಿನಲ್ಲೇ ಇದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಕೆಲವು ಮದನಿಕೆಯರ ಅಡಿಯಲ್ಲಿ ಶಿಲ್ಪಿಗಳ ಹೆಸರಿದೆ. ಅವರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಪ್ರಮುಖರು. ಬಳ್ಳಿಗಾವಿ ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ. ಮೆದುವಾದ ಬಳಪದ ಕಲ್ಲಿನ ಕೆತ್ತನೆ, ತಿರುಗಣೆಯಲ್ಲಿ ನುಣುಪು ಮಾಡಿದ ಕಂಬ ಇವೆಲ್ಲ ಹೊಯ್ಸಳರಿಗೆ ಬಂದದ್ದು ಚಾಲುಕ್ಯ ಶಿಲ್ಪದಿಂದ. ದಾಸೋಜ ತನ್ನ ಮೂಲವನ್ನು ಮುಚ್ಚಿಡಲಿಲ್ಲ. ಹೆಸರಿನ ಜೊತೆಗೇ ಊರನ್ನೂ ಕೆತ್ತಿಸಿದ.

ತಂದದ್ದು ತಂದಂತೆಯೇ ಉಳಿಯಲೂ ಇಲ್ಲ. ಬೇಲೂರಿನಲ್ಲಿ ಗರ್ಭಗುಡಿ ಒಂದು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಎರಡು, ಅಕ್ಕಪಕ್ಕದಲ್ಲಿ. ಅರಸೀಕೆರೆಯ 1220ರ ಈಶ್ವರ ಗುಡಿಯಲ್ಲಂತೂ ಎದುರಿನ ತೆರೆದ ಮಂಟಪವೇ ನಕ್ಷತ್ರದ ಆಕಾರ ಪಡೆಯಿತು. ಹೊಯ್ಸಳ ಗುಡಿಗಳಲ್ಲೇ ಇದು ಅಪರೂಪ.

ಇಂದಿನ ಕಲೆಯಲ್ಲೂ ಇದೇ ನಡೆದಿದೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಒಂದು ಚಿತ್ರಮಾಲೆ ಮಾಡಿದರು. ರವಿವರ್ಮನ ಲಕ್ಷ್ಮಿಯಂತೆ ತಾವೇ ವೇಷ ಹಾಕಿ ನಿಂತರು. ಮೂಲ ಯಾರದೆಂದು ನೋಡಿದವರಿಗೆಲ್ಲ ಗೊತ್ತು. ಆದರೆ ‘ಹೆಣ್ಣು ಹೀಗೇ ಇರಬೇಕೆಂದು ಈ ಚಿತ್ರಗಳು ನಮಗೆ ಕಲಿಸಿದವೇ?’ ಎಂಬ ಪ್ರಶ್ನೆಯನ್ನು ಅವು ಏಳಿಸುತ್ತವೆ. ಆ ಪ್ರಶ್ನೆ ಅವರದು.

ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದರೆ ಯಾರೂ ಕಳವು ಎನ್ನುವುದಿಲ್ಲ. ಆದರೆ ಹಾಲು ನಮ್ಮದಿರಬೇಕು. ಅವರ ಮೊಸರಿನ ಗಡಿಗೆಯನ್ನೇ ಹೊತ್ತು ತಂದು ನಮ್ಮದೆಂದರೆ ಅದು ಕಳವು.

ಹಾಗಾಗಿ ತಂದೆತಾಯಿಗಳೇ, ‘ಹಾಗೇ ಇದೆಯೇ?’ ಎಂದು ಅಳೆಯಬೇಡಿ, ‘ಕಾಪಿ’ ಎಂದು ಜರೆಯಲೂಬೇಡಿ. ಎಲ್ಲಿಂದ ತಂದೆ, ನೀನೇನು ಸೇರಿಸಿದೆ ಎಂದು ಕೇಳಿ. ಮಕ್ಕಳೇ, ಚಿತ್ರದ ಕೆಳಗೆ ಮೂಲದ ಹೆಸರು ಬರೆಯಿರಿ. ಅದರಿಂದ ನಿಮ್ಮ ಹೆಸರು ಸಣ್ಣದಾಗುವುದಿಲ್ಲ.

ಆ ಹುಡುಗಿಗೆ ನಾನು ಕೇಳಿದ್ದು ಇಷ್ಟೇ: ‘ಸುಂದರಿಯ ಕನ್ನಡಿಯಲ್ಲಿ ಏನು ಕಾಣುತ್ತಿರಬಹುದು?’

ಅವಳು ಸ್ವಲ್ಪ ಯೋಚಿಸಿ, ‘ಸ್ಕೂಲಿಗೆ ಹೊತ್ತಾಯ್ತು ಅಂತ ಹಿಂದೆ ಅಮ್ಮ ನಿಂತಿರೋದು’ ಎಂದಳು. ಮಗುಚಿಟ್ಟ ಹಾಳೆಯನ್ನು ಎತ್ತಿಕೊಂಡು ಪೆನ್ಸಿಲು ಹುಡುಕತೊಡಗಿದಳು.