ಇಂಗ್ಲಿಷಿನ ತಪ್ಪು ತಿದ್ದುವವರಿಗೆ ನಾಲ್ಕು ಮಾತು

ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪೇಟೆಗಳಲ್ಲಿ ಇಂಗ್ಲಿಷ್ ಬಾರದವನಿಗೆ ಆಗುವ ಅವಮಾನ ಒಂದು ತೂಕವಾದರೆ, ಅರೆಬರೆ ಬರುವವನಿಗೆ ಆಗುವ ಅವಮಾನ ಎರಡು ತೂಕ. ಬಾರದವನು ಸುಮ್ಮನಿದ್ದು ಪಾರಾಗುತ್ತಾನೆ. ನಾಲ್ಕಕ್ಷರ ಕಲಿತು ವಿಮಾ ಕಂಪನಿಗೆ ಅರ್ಜಿ ಬರೆದ ಗಿರಣಿ ಕೆಲಸಗಾರ, ಹೊರರಾಜ್ಯದ ಗಿರಾಕಿಗೆ ಎರಡು ಸಾಲು ಬರೆದ ಮೆಣಸಿನಕಾಯಿ ವ್ಯಾಪಾರಿ, ಇವರ ಬರಹ ಮಾತ್ರ ನಾಲ್ಕು ಜನರ ಮೊಬೈಲು ದಾಟಿ ನಗೆಪಾಟಲಾಗುತ್ತದೆ. ನಗುವ ಮಹನೀಯರನ್ನು ನಾವು ಒಂದೇ ಪ್ರಶ್ನೆ ಕೇಳಬಯಸುತ್ತೇವೆ: ಆ ತಪ್ಪು ಏಕೆ ಆಯಿತೆಂದು ತಮಗೆ ಗೊತ್ತಿದೆಯೇ?

ಹುಡುಕಿ ನೋಡಿದರೆ ಅನೇಕ ತಪ್ಪುಗಳ ಬೇರು ಕನ್ನಡದಲ್ಲೇ ಸಿಗುತ್ತದೆ. "ನಿನ್ನೆ ಮಾಲು ಕಳಿಸಿದ್ದೇವೆ" ಎಂಬುದು ಶುದ್ಧ ಕನ್ನಡ. ಅದನ್ನೇ "ವಿ ಹ್ಯಾವ್ ಸೆಂಟ್ ದಿ ಗೂಡ್ಸ್ ಯೆಸ್ಟರ್ಡೇ" ಎಂದು ಬರೆದರೆ ಇಂಗ್ಲಿಷ್ ವ್ಯಾಕರಣ ಒಪ್ಪುವುದಿಲ್ಲ. ನಿನ್ನೆ ಎಂದು ದಿನ ಹೇಳಿದ ಮೇಲೆ "ಹ್ಯಾವ್" ಬಿಟ್ಟು "ವಿ ಸೆಂಟ್" ಎನ್ನಬೇಕು. "ದರದ ಬಗ್ಗೆ ಚರ್ಚಿಸಿದೆವು" ಎನ್ನುವ ನಾಲಿಗೆ "ಡಿಸ್ಕಸ್ಡ್ ಅಬೌಟ್ ದಿ ರೇಟ್" ಎನ್ನುತ್ತದೆ. ನಮ್ಮ "ಬಗ್ಗೆ"ಯ ಅರ್ಥ ಇಂಗ್ಲಿಷಿನ "ಡಿಸ್ಕಸ್" ಪದದ ಒಳಗೇ ಇದೆ, "ಅಬೌಟ್" ಬೇಡ. ಇನ್ನು "ದಿ" ಎಂಬುದಕ್ಕೆ ಕನ್ನಡದಲ್ಲಿ ಜೋಡಿ ಪದವೇ ಇಲ್ಲ. ಹೀಗಾಗಿ ಅದು ಬೇಕಾದಲ್ಲಿ ಬಿಟ್ಟುಹೋಗುತ್ತದೆ, ಬೇಡವಾದಲ್ಲಿ ಬಂದು ಕೂಡುತ್ತದೆ. ಇವನ್ನು ದಡ್ಡತನವೆಂದು ಕರೆಯುವುದು ಅನ್ಯಾಯ. ತಾಯಿನುಡಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸುವವನು ಪರಭಾಷೆಯಲ್ಲಿ ಮಾಡುವ ತಪ್ಪುಗಳಿವು. ಇವುಗಳಿಂದ ಯಾರ ಗಂಟೂ ಹೋಗುವುದಿಲ್ಲ. ಮಾಲು ಹೋದದ್ದು ಗಿರಾಕಿಗೆ ತಿಳಿಯುತ್ತದೆ.

ಹಾಗೆಂದು ತಿದ್ದುವುದೇ ಬೇಡವೆಂದು ನಾವು ಹೇಳುತ್ತಿಲ್ಲ. ಕೆಲವು ತಪ್ಪುಗಳು ನೇರವಾಗಿ ಹೊಟ್ಟೆಯ ಮೇಲೆ ಹೊಡೆಯುತ್ತವೆ. ಕನ್ನಡದಲ್ಲಿ ಕೊಟ್ಟರೂ ಸಾಲ, ತಂದರೂ ಸಾಲ. ಇಂಗ್ಲಿಷಿನಲ್ಲಿ ಕೊಡುವುದಕ್ಕೆ "ಲೆಂಡ್", ತರುವುದಕ್ಕೆ "ಬಾರೋ". ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟ ಅಂಗಡಿಕಾರ "ಐ ಲೆಂಟ್ ಹಿಮ್" ಎನ್ನುವ ಬದಲು "ಐ ಬಾರೋಡ್" ಎಂದು ಬರೆದರೆ, ಕೊಟ್ಟವನೇ ಸಾಲಗಾರನಾಗಿ ನಿಲ್ಲುತ್ತಾನೆ! "ಹತ್ತನೇ ತಾರೀಖಿನೊಳಗೆ ಬಾಕಿ ಕೊಡಿ" ಎನ್ನಲು "ಬೈ" ಬೇಕು. "ಟಿಲ್" ಎಂದು ಹಾಕಿದರೆ ಹತ್ತರ ತನಕ ಕೊಡುತ್ತಲೇ ಇರಿ ಎಂಬ ಅರ್ಥ ಬರುತ್ತದೆ. ಹಣ, ತಾರೀಖು, ಕೊಟ್ಟವರು ಯಾರು, ತಕ್ಕೊಂಡವರು ಯಾರು, ಹೌದೋ ಅಲ್ಲವೋ, ಇವುಗಳನ್ನು ಮೊದಲು ತಿದ್ದಬೇಕು. "ದಿ"ಯನ್ನು ನಾಳೆ ತಿದ್ದಿದರೂ ನಡೆಯುತ್ತದೆ.

ಮಾಸ್ತರಿಕೆ ಮಾಡಿ ಬಂದ ನಾವು ಒಂದು ಮಾತು ಹೇಳಬಲ್ಲೆವು. ಹಾಳೆಯ ತುಂಬ ಕೆಂಪು ಶಾಯಿ ಚೆಲ್ಲಿಸಿಕೊಂಡ ಹುಡುಗ ಮರುದಿನ ಸರಿಯಾಗಿ ಬರೆಯುವುದಿಲ್ಲ, ಕಡಿಮೆ ಬರೆಯುತ್ತಾನೆ. ಒಂದು ಸಲಕ್ಕೆ ಎರಡೇ ತಪ್ಪು ತೋರಿಸಿ, ಕನ್ನಡದಲ್ಲಿ ಕಾರಣ ಹೇಳಿ, ಅವನ ಕೈಯಿಂದಲೇ ತಿದ್ದಿಸಿದರೆ ಅದು ಉಳಿಯುತ್ತದೆ. ದೊಡ್ಡವರಿಗಂತೂ ನಾಲ್ಕು ಜನರ ಮುಂದೆ ತಿದ್ದಲೇಬಾರದು. ಇಂಗ್ಲಿಷ್ ಕಾಗದಗಳಲ್ಲಿ ನಮ್ಮ ಬ್ಯಾಡಗಿಯ ಹೆಸರನ್ನೇ ಒಬ್ಬರು ಬ್ಯಾಡ್ಗಿ, ಇನ್ನೊಬ್ಬರು ಬ್ಯಾಡಿಗಿ ಎಂದು ಓದುವಂತೆ ಬರೆಯುತ್ತಾರೆ. ಅವರನ್ನು ಯಾರೂ ನಕ್ಕದ್ದು ನಾವು ಕಂಡಿಲ್ಲ. ನಗೆಯೆಲ್ಲ ಬಡವನ ಪಾಲಿಗೇ ಏಕೆ?

ಇಂಗ್ಲಿಷನ್ನೇ ಓಡಿಸಿದರೆ ಈ ತಾಪತ್ರಯವೇ ಇರದು ಎನ್ನುವ ಮಿತ್ರರಿದ್ದಾರೆ. ಆಡಳಿತದ ಗದ್ದುಗೆಯಿಂದ ಇಂಗ್ಲಿಷ್ ಇಳಿಯಬೇಕೆಂದು ಡಾ. ಲೋಹಿಯಾ ವಾದಿಸಿದ್ದು ನ್ಯಾಯವೇ. ಆದರೆ ಗದ್ದುಗೆಯಿಂದ ಇಳಿಸುವುದು ಬೇರೆ, ಕಲಿಯುವವನ ಕೈಯಿಂದ ಕಸಿಯುವುದು ಬೇರೆ. ನಮ್ಮ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರನ್ನು ನೋಡಿರಿ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದವರು, ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರ ಅಧ್ಯಕ್ಷತೆಯ ಸಮಿತಿಯೇ 1981ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಮರುವರ್ಷ ನಾಡೆಲ್ಲ ಬೀದಿಗಿಳಿದದ್ದು ಆ ವರದಿಗಾಗಿ. ಇಂಗ್ಲಿಷ್ ಬಲ್ಲವನು ಕನ್ನಡದ ಹಕ್ಕನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದ್ದರಿಂದ ನಮ್ಮ ಬೇಡಿಕೆ ಎರಡು. ತಾಲೂಕು ಕಚೇರಿಯಿಂದ ಹಿಡಿದು ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಿರಿ. 1963ರ ರಾಜ್ಯಭಾಷಾ ಕಾನೂನು ನಿಮ್ಮ ಬೆನ್ನಿಗಿದೆ. ಅಲ್ಲಿ ಯಾರ ಇಂಗ್ಲಿಷಿಗೂ ಅಂಜಬೇಕಾಗಿಲ್ಲ. ಎರಡನೆಯದು, ಹೊರಗಿನ ವ್ಯವಹಾರಕ್ಕೆ ಇಂಗ್ಲಿಷ್ ಬೇಕಾದವರಿಗಾಗಿ, ಪಾಳಿ ಮುಗಿದ ಮೇಲೆ, ಅಂಗಡಿ ಬಾಗಿಲು ಹಾಕಿದ ಮೇಲೆ, ವಾರಕ್ಕೊಂದು ಸಂಜೆ ಓದಿದವರು ಬಂದು ಕೂಡಲಿ. ಅವರವರ ಕಾಗದಗಳನ್ನೇ ಪಾಠವಾಗಿ ಇಟ್ಟುಕೊಂಡು ತಿದ್ದಿಕೊಡಲಿ. ಮೂರೂ ಊರುಗಳಲ್ಲಿ ಇಂಗ್ಲಿಷ್ ಬಲ್ಲ ಮಾಸ್ತರರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ನಗಲು ಸಿಗುವ ಪುರುಸೊತ್ತು ಕಲಿಸಲು ಸಿಗದೇ?